ಮೇ ತಿಂಗಳ ಮದುವೆ, ಆಗಸ್ಟ್ ತಿಂಗಳ ಜೋಗ

ನಮ್ಮ ಮದುವೆಯಾದದ್ದು 2000ನೇ ಇಸವಿಯ ಮೇ ತಿಂಗಳಲ್ಲಿ. ಅದರ ಇಪ್ಪತ್ತೈದನೆಯ ವರ್ಷವನ್ನು ನಾವಿಬ್ಬರೂ ಆಚರಿಸಿದ್ದು 2025ರ ಆಗಸ್ಟ್‌ನಲ್ಲಿ, ಮೂರು ತಿಂಗಳು ತಡವಾಗಿ. ಮೇ ತಿಂಗಳ ಆ ದಿನ ಬೆಂಗಳೂರಿನ ಮನೆಯಲ್ಲಿ ಶಾವಿಗೆ ಪಾಯಸ ಮಾಡಿ, ಸಂಜೆ ಬಸವನಗುಡಿಯ ದೊಡ್ಡ ಗಣಪತಿಗೆ ಕೈಮುಗಿದು ಬಂದೆವು, ಅಷ್ಟೇ. ಬೆಳ್ಳಿಹಬ್ಬವೆಂದರೆ ನಾಲ್ಕು ಜನರನ್ನು ಕರೆದು ಊಟ ಹಾಕಬೇಡವೇ ಎಂದು ಮಗಳು ಮುನಿಸಿಕೊಂಡಳು. ಇವರು ಅವಳಿಗೆ ಹೇಳಿದ್ದು ಇಷ್ಟು: “ಮದುವೆಯ ತಾರೀಖು ನಮ್ಮದು, ಜೋಗದ ತಾರೀಖು ಮಳೆಯದು. ಈ ಸಲ ಮಳೆಯ ಪಂಚಾಂಗ ನೋಡಿಕೊಂಡು ಹೋಗುತ್ತೇವೆ.”

ಜೋಗಕ್ಕೇ ಏಕೆ ಎಂದು ಹೇಳಲು ಮತ್ತೆ ಆ ಮೊದಲ ಮೇ ತಿಂಗಳಿಗೇ ಹೋಗಬೇಕು. ನನ್ನ ತವರು ಸಾಗರದ ಹತ್ತಿರದ ಒಂದು ಹಳ್ಳಿ. ಇವರದು ಬೆಂಗಳೂರಿನ ಚಾಮರಾಜಪೇಟೆ. ಮದುವೆಗೆ ಮೊದಲು ನಾವು ಒಬ್ಬರನ್ನೊಬ್ಬರು ನೋಡಿದ್ದು ಎರಡೇ ಸಲ; ಅದೂ ಮನೆ ತುಂಬ ಹಿರಿಯರ ನಡುವೆ. ಮದುವೆಯ ಮೂರನೆಯ ದಿನ ನೆಂಟರೆಲ್ಲ ಹೊರಟುಹೋಗಿದ್ದರು. ಚಪ್ಪರಕ್ಕೆ ಹೊದಿಸಿದ್ದ ಅಡಿಕೆ ಸೋಗೆ ಒಣಗಿ ಚರಪರ ಎನ್ನುತ್ತಿತ್ತು. ಇವರು ಜಗಲಿಯ ಮೇಲೆ ಕುಳಿತು, ಬಹಳ ಸಂಕೋಚದಿಂದ ಕೇಳಿದರು: “ಇಲ್ಲಿಯವರೆಗೆ ಬಂದಿದ್ದೇವೆ. ಜೋಗ ನೋಡಿಕೊಂಡು ಬರೋಣವೇ?”

ನನ್ನ ಎದೆ ಧಸಕ್ಕೆಂದಿತು. ಮೇ ತಿಂಗಳ ಜೋಗ ಹೇಗಿರುತ್ತದೆ ಎಂಬುದು ನಮ್ಮ ಸೀಮೆಯ ಸಣ್ಣ ಮಕ್ಕಳಿಗೂ ಗೊತ್ತು. ಬೇಡವೆನ್ನಲು ಬಾಯಿ ಬರಲಿಲ್ಲ. ಸಾಗರದಿಂದ ಮೂವತ್ತು ಕಿಲೋಮೀಟರಿನ ಬಸ್ಸಿನ ದಾರಿಯುದ್ದಕ್ಕೂ, ಮೋಡವಿಲ್ಲದ ಆಕಾಶವನ್ನು ನೋಡುತ್ತ, ಒಂದು ಅಡ್ಡ ಮಳೆಯಾದರೂ ಬರಲೆಂದು ಬೇಡಿಕೊಂಡೆ. ಬರಲಿಲ್ಲ. ನಾಲ್ಕು ಧಾರೆ ಧುಮುಕಬೇಕಾದ ಕಡೆ ಕರಿಬಂಡೆಯ ಮೇಲೆ ದಾರದ ಎಳೆಯಂಥ ನೀರು ಇಳಿಯುತ್ತಿತ್ತು. ರಾಜ, ರಾಣಿ, ರೋರರ್, ರಾಕೆಟ್ ಎಂದು ಬೆರಳು ಮಾಡಿ ತೋರಿಸಬೇಕಾದ ಜಾಗದಲ್ಲಿ ನೀರಿನ ಕಲೆಗಳನ್ನಷ್ಟೇ ತೋರಿಸಬಹುದಾಗಿತ್ತು. ಹೊಸ ಅಳಿಯನನ್ನು ಊಟಕ್ಕೆ ಕೂರಿಸಿ, ಎಲೆ ಹಾಸಿ, ಏನನ್ನೂ ಬಡಿಸದೆ ನಿಂತವಳ ಹಾಗೆ ನನಗೆ ಅವಮಾನವಾಯಿತು. ಕಣ್ಣಲ್ಲಿ ನೀರು ತುಂಬಿದ್ದನ್ನು ಸೆರಗಿನ ತುದಿಯಿಂದ ಒರೆಸಿಕೊಂಡೆ.

ಇವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು: “ಎಂಥ ಗೋಡೆ ಇದು! ನೀರು ತುಂಬಿದ್ದರೆ ಇದು ನಮಗೆ ಕಾಣುತ್ತಲೇ ಇರಲಿಲ್ಲ.”

ಅಂದು ನಾವು ಮೆಟ್ಟಿಲಿಳಿದು ಗುಂಡಿಯ ತಳದವರೆಗೂ ಹೋದೆವು. ಸುಮಾರು ಸಾವಿರದ ನಾನೂರು ಮೆಟ್ಟಿಲುಗಳು. ಕೆಳಗಿನಿಂದ ತಲೆಯೆತ್ತಿದರೆ 830 ಅಡಿಯ ಬಂಡೆ ಆಕಾಶವನ್ನು ಅರ್ಧ ಮುಚ್ಚಿತ್ತು. ಇವರು ಬಗ್ಗಿ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡು ನನ್ನ ಕೈಗೆ ಹಾಕಿದರು. ಹತ್ತುವಾಗ ಇನ್ನೂರು ಮೆಟ್ಟಿಲಿಗೊಮ್ಮೆ ಕುಳಿತೆವು. ಪ್ರತಿ ಸಲ ಕುಳಿತಾಗಲೂ ಒಂದಿಷ್ಟು ಮಾತಾಯಿತು. ಮನೆಯವರೆಲ್ಲ ಸೇರಿ ಮಾಡಿದ ಮದುವೆ ನಮ್ಮಿಬ್ಬರ ಮದುವೆಯಾದದ್ದು ಆ ಮೆಟ್ಟಿಲುಗಳ ಮೇಲೆ ಎಂದು ನಾನು ಇಂದಿಗೂ ನಂಬಿದ್ದೇನೆ.

ಹೊರಡುವಾಗ ಇವರು ಒಂದು ಪ್ರಶ್ನೆ ಕೇಳಿದ್ದರು: “ಹಾಗಾದರೆ ಈ ಹೊಳೆಯ ನೀರೆಲ್ಲ ಎಲ್ಲಿಗೆ ಹೋಯಿತು?” ನನಗೆ ಉತ್ತರ ಗೊತ್ತಿತ್ತು. ಬಸ್ಸಿನಲ್ಲಿ ಹೇಳುವಂಥದ್ದಾಗಿರಲಿಲ್ಲ.

ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊನ್ನಾವರದಲ್ಲಿ ಸಮುದ್ರ ಸೇರುವ ಹೊಳೆ. ಒಟ್ಟು ನಡಿಗೆ 130 ಕಿಲೋಮೀಟರಿನಷ್ಟೂ ಇಲ್ಲ. ಇಷ್ಟು ಚಿಕ್ಕ ಹೊಳೆಯಿಂದ ನಾಡು ಪಡೆದದ್ದು ಮಾತ್ರ ಚಿಕ್ಕದಲ್ಲ. ಗಾಂಧೀಜಿಯ ಹೆಸರು ಹೊತ್ತ, ಜೋಗದ ತಳದ ವಿದ್ಯುದಾಗಾರ 1940ರ ದಶಕದ ಕೊನೆಯಲ್ಲಿ ಕೆಲಸ ಶುರುಮಾಡಿತು. ಅದಕ್ಕೆ ನೀರು ಕೂಡಿಡಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಅದು ಸಾಲದಾಯಿತು. 1964ರಲ್ಲಿ ಜೋಗದ ಮೇಲ್ಗಡೆ, ಕೆಲವೇ ಕಿಲೋಮೀಟರ್ ದೂರದಲ್ಲಿ ಲಿಂಗನಮಕ್ಕಿ ಎದ್ದಿತು. ಹಿರೇಭಾಸ್ಕರ ಅಣೆಕಟ್ಟೇ ಅದರ ಹೊಟ್ಟೆಯೊಳಗೆ ಮುಳುಗಿತು. ಮಳೆ ಕೈಕೊಟ್ಟ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ಹಳೆಯ ಕಟ್ಟು ಕೆಸರು ಮೆತ್ತಿಕೊಂಡು ಎದ್ದು ನಿಲ್ಲುವುದನ್ನು ನಾನೇ ಕಂಡಿದ್ದೇನೆ. ಈಗ ಹೊಳೆಯ ನೀರು ಲಿಂಗನಮಕ್ಕಿಯಲ್ಲಿ ನಿಂತು, ಅಲ್ಲಿಂದ ತಳಕಳಲೆ ಜಲಾಶಯಕ್ಕೆ ಹೋಗಿ, ಕೊಳವೆಗಳಲ್ಲಿ ಇಳಿದು, 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಅಂದರೆ ಬೀಳಬೇಕಾದ ನೀರು ಜೋಗದ ಬಂಡೆಯನ್ನು ಬಿಟ್ಟು ಬೇರೆ ದಾರಿಯಲ್ಲಿ ಬೀಳುತ್ತದೆ. ಜೋಗಕ್ಕೆ ಸಿಗುವುದು ಅಣೆಕಟ್ಟಿನ ಕೆಳಗೆ ಸುರಿದ ಮಳೆಯ ನೀರು, ತುಂಬಿದ ವರ್ಷಗಳಲ್ಲಿ ಗೇಟು ತೆಗೆದಾಗ ಬರುವ ನೀರು.

ಇದು ಉತ್ತರದ ಒಂದು ಅರ್ಧ. ಇನ್ನೊಂದು ಅರ್ಧ ನಮ್ಮ ಅಮ್ಮ.

ಅಮ್ಮ ಹುಟ್ಟಿದ ಊರು ಆ ಹಿನ್ನೀರಿನ ಕೆಳಗಿದೆ. ನಮ್ಮ ಕಡೆ ಅದನ್ನು ಮುಳುಗಡೆ ಎಂಬ ಒಂದೇ ಮಾತಿನಲ್ಲಿ ಹೇಳುತ್ತಾರೆ. ಮುಳುಗಡೆಯವರು, ಮುಳುಗಡೆಗೆ ಮೊದಲು, ಮುಳುಗಡೆಯಾದ ಮೇಲೆ. ಊರು ಬಿಡುವಾಗ ಅಮ್ಮನಿಗೆ ಹದಿಮೂರು ವರ್ಷ. ಅಡಿಕೆ ತೋಟ, ಗದ್ದೆ, ಕೊಟ್ಟಿಗೆ ಬಿಟ್ಟು, ದನಕರುಗಳನ್ನು ಹೊಡೆದುಕೊಂಡು, ಕಾಡು ಕಡಿದು ಗುಡಿಸಲು ಕಟ್ಟಿಕೊಳ್ಳಬೇಕಾದ ಜಾಗಕ್ಕೆ ಬಂದರು. ನಾಡಿಗೆ ಬೆಳಕು ಕೊಡಲೆಂದು ಊರು ಬಿಟ್ಟವರ ಮನೆಗೆ ವಿದ್ಯುತ್ ದೀಪ ಬಂದದ್ದು ನಾನು ಏಳನೆಯ ತರಗತಿಯಲ್ಲಿದ್ದಾಗ. ಆ ಸಂಜೆ ಬಲ್ಬಿನ ಕೆಳಗೆ ನಾವು ಮಕ್ಕಳೆಲ್ಲ ಕುಣಿದೆವು. ಅಮ್ಮ ದೇವರ ಮುಂದಿನ ಎಣ್ಣೆ ದೀಪಕ್ಕೆ ಬತ್ತಿ ಹೊಸೆಯುತ್ತ ಕುಳಿತಿದ್ದರು.

ಅಮ್ಮ ಒಮ್ಮೆಯೂ ಜೋಗ ನೋಡಿಲ್ಲ. ಮೂವತ್ತು ಕಿಲೋಮೀಟರ್ ದೂರದಲ್ಲಿ ಬದುಕಿದ ಎಪ್ಪತ್ತೈದು ವರ್ಷದ ಹೆಂಗಸು, ದೇಶದ ಮೂಲೆಮೂಲೆಯಿಂದ ಜನ ಬಂದು ನೋಡುವುದನ್ನು ನೋಡಿಲ್ಲ. ಅವರು ನೋಡುವುದು ಪತ್ರಿಕೆಯನ್ನು. ಜೂನ್ ಬಂತೆಂದರೆ ಬೆಳಗಿನ ಪತ್ರಿಕೆಯಲ್ಲಿ ಅಮ್ಮನ ಕಣ್ಣು ಮೊದಲು ಹುಡುಕುವುದು ಜಲಾಶಯಗಳ ನೀರಿನ ಮಟ್ಟವನ್ನು. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಪತ್ರಿಕೆಯವರು ಆ ಸಂಖ್ಯೆಯನ್ನು ಅಚ್ಚುಹಾಕುವುದು ವಿದ್ಯುತ್ತಿನ ಲೆಕ್ಕಕ್ಕೆ, ರೈತರ ಲೆಕ್ಕಕ್ಕೆ. ಅಮ್ಮನಿಗೆ ಅದರಲ್ಲಿ ಬೇರೊಂದು ಲೆಕ್ಕವಿದೆ. ಹಿನ್ನೀರು ಬಹಳ ಇಳಿದ ಒಂದು ಬೇಸಿಗೆಯಲ್ಲಿ ಅವರು ನನ್ನ ತಮ್ಮನ ಜೊತೆ ಹೋಗಿ, ತಮ್ಮ ಮನೆಯ ಅಡಿಪಾಯದ ಕಲ್ಲುಗಳನ್ನೂ ಬಾವಿಯ ಕಟ್ಟೆಯನ್ನೂ ಗುರುತಿಸಿ ಬಂದರು. ಆ ವರ್ಷ ಮಳೆ ಶುರುವಾದ ಮೇಲೆ ಇನ್ನೆರಡು ಸಲ ಹೋದರು. ನೀರು ಅಂಗಳ ಮುಟ್ಟಿದ ದಿನ ಮನೆಗೆ ಬಂದು ಪತ್ರಿಕೆಯಲ್ಲಿ ಸಂಖ್ಯೆ ನೋಡಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟರು: 1782. ಅಲ್ಲಿಂದ ಮುಂದೆ ಪ್ರತಿ ಮಳೆಗಾಲದಲ್ಲಿಯೂ ತಮ್ಮ ಮನೆ ಯಾವ ದಿನ ಮುಳುಗಿತು ಎಂಬುದು ಅವರಿಗೆ ತಿಳಿಯುತ್ತದೆ. ಆ ದಿನ ಹೆಚ್ಚು ಮಾತನಾಡುವುದಿಲ್ಲ.

ನಮ್ಮ ಮಾವನವರು, ಇವರ ತಂದೆ, ವಿದ್ಯುತ್ ಮಂಡಳಿಯಲ್ಲಿ ಲೈನ್‌ಮ್ಯಾನ್ ಆಗಿದ್ದವರು. ಬೆಂಗಳೂರಿನ ಕಂಬಗಳನ್ನು ಹತ್ತಿಯೇ ನಾಲ್ಕು ಮಕ್ಕಳನ್ನು ಓದಿಸಿದರು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಈ ಊರಿನ ಬೀದಿಯಲ್ಲಿ ಮೊದಲ ದೀಪ ಹತ್ತಿದ ಕಥೆಯನ್ನು ತಾವೇ ಏಣಿ ಹಿಡಿದು ನಿಂತಿದ್ದವರಂತೆ ಹೇಳುತ್ತಿದ್ದರು. ನಮ್ಮ ಮದುವೆಯಲ್ಲಿ ಅವರು ಅಮ್ಮನ ಬಳಿ ಬಂದು, ತುಂಬು ಅಭಿಮಾನದಿಂದ, “ನಿಮ್ಮ ಶರಾವತಿಯ ಕರೆಂಟನ್ನು ಬೆಂಗಳೂರಿನಲ್ಲಿ ಮನೆಮನೆಗೆ ಮುಟ್ಟಿಸಿದವನು ನಾನು, ಬೀಗಿತ್ತಿಯವರೇ” ಎಂದರು. ನಾನು ಉಸಿರು ಬಿಗಿಹಿಡಿದು ನಿಂತೆ. ಅಮ್ಮ ಅವರ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿದರು. ರಾತ್ರಿ ನಾನು ಕೇಳಿದಾಗ, “ಕಂಬ ಹತ್ತುವುದು ಜೀವದ ಕೆಲಸ. ಪಾಪ, ಅವರ ಅಂಗೈ ನೋಡಿದೆಯಾ?” ಎಂದಷ್ಟೇ ಹೇಳಿದರು.

ಇಪ್ಪತ್ತೈದು ವರ್ಷಗಳಲ್ಲಿ ನಾವು ತವರಿಗೆ ಹೋದದ್ದು ಲೆಕ್ಕವಿಲ್ಲದಷ್ಟು ಸಲ. ಆದರೆ ಬೆಂಗಳೂರಿನ ಸಂಸಾರಕ್ಕೆ ರಜೆಯೆಂದರೆ ಏಪ್ರಿಲ್, ಮೇ, ಇಲ್ಲವೇ ದಸರೆ. ಮಲೆನಾಡಿನಲ್ಲಿ ಮಳೆ ಹೊಡೆಯುವಾಗ ಇಲ್ಲಿ ಮಕ್ಕಳ ಶಾಲೆ, ಶುಲ್ಕ, ಯೂನಿಫಾರಂ. ಒಂದು ವರ್ಷ ನಾನು ಬಸುರಿ. ಇನ್ನೊಂದು ವರ್ಷ ಜುಲೈನಲ್ಲಿ ಟಿಕೆಟ್ ಕಾದಿರಿಸಿದ ಮೇಲೆ ಮಾವನವರಿಗೆ ಪಾರ್ಶ್ವವಾಯು ಬಡಿಯಿತು. ಆರು ವರ್ಷ ಹಾಸಿಗೆಯಲ್ಲಿದ್ದು ಹೋದರು. ಆಮೇಲೆ ಕೊರೊನಾ. “ಮುಂದಿನ ಮಳೆಗಾಲಕ್ಕೆ” ಎಂಬ ಮಾತನ್ನು ನಾವು ಎಷ್ಟು ಸಲ ಆಡಿದ್ದೇವೋ. ಈ ನಡುವೆ ಇವರು ತಾವಾಗಿಯೇ ಒಂದು ಅಭ್ಯಾಸ ಬೆಳೆಸಿಕೊಂಡಿದ್ದರು. ಬೆಳಿಗ್ಗೆ ಕಾಫಿಯ ಜೊತೆ ಪತ್ರಿಕೆ ಬಿಡಿಸಿ ಅವರೂ ಆ ಸಂಖ್ಯೆಯನ್ನು ನೋಡುತ್ತಿದ್ದರು. 1782 ದಾಟಿದ ದಿನ ನನಗೆ ಹೇಳುತ್ತಿದ್ದರು: “ಇವತ್ತು ಅಮ್ಮನಿಗೆ ಫೋನ್ ಮಾಡು.”

2019ರಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಬರೆಯಲೇಬೇಕು. ಲಿಂಗನಮಕ್ಕಿಯ ನೀರನ್ನು ಕುಡಿಯುವುದಕ್ಕಾಗಿ ಬೆಂಗಳೂರಿಗೆ ತರುವ ಯೋಜನೆಯ ಮಾತು ಆಗ ಎದ್ದಿತ್ತು. ನಾನೂರು ಕಿಲೋಮೀಟರ್ ದೂರದಿಂದ, ಘಟ್ಟದ ಅಂಚಿನ ನೀರನ್ನು ಮೇಲೆತ್ತಿ ತರುವ ಯೋಚನೆ. ಮಲೆನಾಡು ಹೊತ್ತಿ ಉರಿಯಿತು. ಶಿವಮೊಗ್ಗ ಜಿಲ್ಲೆಯಲ್ಲಿ ಆ ಜುಲೈನಲ್ಲಿ ಬಂದ್ ಆಯಿತು. ಇತ್ತ ನಾವಿದ್ದ ಅಪಾರ್ಟ್‌ಮೆಂಟಿನ ಕೊಳವೆಬಾವಿ ಬತ್ತಿ, ವಾರಕ್ಕೆ ಐದು ಟ್ಯಾಂಕರ್ ತರಿಸುತ್ತಿದ್ದ ಕಾಲ. ಭಾನುವಾರದ ಸಭೆಯಲ್ಲಿ ಎಲ್ಲರೂ ಆ ಸುದ್ದಿಗೆ ಹಿಗ್ಗಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕೊಡ ಹಿಡಿದು ಮೂರನೆಯ ಮಹಡಿ ಹತ್ತಿದವರ ಕಷ್ಟವನ್ನು ನಾನೂ ಉಂಡಿದ್ದೆ. ಆದರೆ ನಾಲಿಗೆ ಒಣಗಿತು. ಇದೇ ಊರಿನ ನಲ್ಲಿಯ ನೀರು ಕುಡಿದು ಮಕ್ಕಳನ್ನು ಬೆಳೆಸಿದವಳು ನಾನು. ಅಲ್ಲಿನ ಮಗಳಾಗಿ ಬೇಡ ಎನ್ನಲೇ, ಇಲ್ಲಿನ ಸೊಸೆಯಾಗಿ ಬೇಕು ಎನ್ನಲೇ?

ಇವರು ಸಭೆಗಳಲ್ಲಿ ಮಾತನಾಡುವವರಲ್ಲ. ಅಂದು ಎದ್ದು ನಿಂತರು. “ಆ ನೀರಿನ ಕೆಳಗೆ ನನ್ನ ಅತ್ತೆಯ ಮನೆ ಇದೆ. ಆ ಜನ ಒಮ್ಮೆ ಕೊಟ್ಟಿದ್ದಾರೆ. ಮೊದಲು ನಮ್ಮ ಛಾವಣಿಯ ಮೇಲೆ ಬೀಳುವ ಮಳೆಯನ್ನು ಹಿಡಿಯೋಣ, ಆಮೇಲೆ ಅವರನ್ನು ಕೇಳೋಣ” ಎಂದರು. ಕೆಲವರು ಮುಖ ತಿರುಗಿಸಿದರು. ಆದರೂ ಮರುವರ್ಷ ಛಾವಣಿಯ ಪೈಪುಗಳನ್ನು ಒಂದುಗೂಡಿಸಿ ಇಂಗುಗುಂಡಿ ತೋಡಿಸಿದೆವು. ಇಷ್ಟು ವರ್ಷಗಳಲ್ಲಿ ಇವರು ನನಗೆ ಸೀರೆ ತಂದಿದ್ದಾರೆ, ಎರಡು ಬಳೆ ಮಾಡಿಸಿದ್ದಾರೆ. ನನ್ನ ಮಟ್ಟಿಗೆ ಅವೆಲ್ಲಕ್ಕಿಂತ ಮೇಲೆ ನಿಲ್ಲುವುದು ಆ ಭಾನುವಾರ.

ಹಾಗೆ ಕೊನೆಗೂ ಹೊರಟೆವು. ಮೆಜೆಸ್ಟಿಕ್‌ನಿಂದ ರಾತ್ರಿಯ ತಾಳಗುಪ್ಪ ರೈಲು. ಬೆಳಗಿನ ಜಾವ ಶಿವಮೊಗ್ಗ ದಾಟಿದ ಮೇಲೆ ಕಿಟಕಿಯ ಗಾಜಿನ ಮೇಲೆ ಮಳೆ ಓರೆಯಾಗಿ ಓಡತೊಡಗಿತು. ಆನಂದಪುರ, ಸಾಗರ ಜಂಬಗಾರು, ಆಮೇಲೆ ಹಳಿ ಮುಗಿಯುವ ಊರು ತಾಳಗುಪ್ಪ. ನಾನು ಹುಡುಗಿಯಾಗಿದ್ದಾಗ ಈ ದಾರಿಯಲ್ಲಿ ಮೀಟರ್ ಗೇಜ್ ಹಳಿಯಿತ್ತು, ಒಂದು ಪುಟ್ಟ ರೈಲುಬಸ್ ಓಡಾಡುತ್ತಿತ್ತು. ಇಳಿದು ಆಟೋ ಹಿಡಿದೆವು. ಸಾಗರದಲ್ಲೇ ಇಳಿದು ಮೊದಲು ತವರಿಗೆ ಹೋಗಬಹುದಾಗಿತ್ತು, ಆದರೆ ಹೋಗಲಿಲ್ಲ. ಒಂದು ದಿನ, ಒಂದು ರಾತ್ರಿ ನಮಗಾಗಿ ಇರಲಿ ಎಂದು ಇವರು ಮೊದಲೇ ಹೇಳಿದ್ದರು. ಐವತ್ತರ ಈ ವಯಸ್ಸಿನಲ್ಲಿ ಆ ಮಾತಿಗೆ ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಜೋಗ ತಲುಪಿದಾಗ ಏನೂ ಕಾಣಲಿಲ್ಲ. ಕಟಕಟೆಯ ಆಚೆ ಬರೀ ಬಿಳುಪು. ಮಂಜು ಅನ್ನುವುದಕ್ಕಿಂತ, ಯಾರೋ ಕಣಿವೆಯ ತುಂಬ ಹಾಲು ಉಕ್ಕಿಸಿ ಬಿಟ್ಟಂತೆ ಇತ್ತು. ಆದರೆ ಸದ್ದು! ಕಿವಿಗೆ ಕೇಳುವುದಕ್ಕಿಂತ ಮೊದಲು ಅದು ಪಾದಕ್ಕೆ ತಿಳಿಯಿತು. ಕಬ್ಬಿಣದ ಕಟಕಟೆ ಹಿಡಿದರೆ ಅಂಗೈ ಸಣ್ಣಗೆ ನಡುಗುತ್ತಿತ್ತು. ಕೊಡೆ ನೆಪಮಾತ್ರಕ್ಕೆ, ಮಳೆ ಮೇಲಿಂದ ಬರುತ್ತಿತ್ತು, ನೀರ ಹುಡಿ ಕೆಳಗಿನಿಂದ ಏಳುತ್ತಿತ್ತು. ಬಸ್ಸುಗಳಲ್ಲಿ ಬಂದವರು ಹತ್ತು ನಿಮಿಷ ನಿಂತು, ಬಿಳುಪಿನ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಅವರಿಗೆ ಸಂಜೆಯೊಳಗೆ ಇನ್ನೆರಡು ಊರು ಮುಟ್ಟಬೇಕಿತ್ತೇನೋ.

ನಮಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ತಗಡಿನ ಮಾಡಿನ ಕೆಳಗೆ ಬೆಂಚಿನ ಮೇಲೆ ಕುಳಿತೆವು. ಬೇಯಿಸಿದ ಜೋಳದ ತೆನೆ ತಿಂದೆವು, ಚಹಾ ಕುಡಿದೆವು, ಇನ್ನೊಮ್ಮೆ ಕುಡಿದೆವು. ಇವರ ಕಾಲಿಗೆ ಇಂಬಳ ಹತ್ತಿತ್ತು. ಅಂಗಡಿಯಾಕೆಯಿಂದ ಉಪ್ಪು ಕೇಳಿ ಬಿಡಿಸಿದೆ. ಮಾತು ಹೆಚ್ಚಿರಲಿಲ್ಲ. ಮಗನ ಕೆಲಸದ ಚಿಂತೆ ಒಂದಿಷ್ಟು, ಇವರ ರಕ್ತದೊತ್ತಡದ ಮಾತ್ರೆಯ ನೆನಪು ಒಂದಿಷ್ಟು. ಮದುವೆಯಾದ ಹೊಸದರಲ್ಲಿ ಇವರ ಮೌನ ನನ್ನನ್ನು ಹೆದರಿಸುತ್ತಿತ್ತು. ಏನು ತಪ್ಪು ಮಾಡಿದೆನೋ ಎಂದು ಇಡೀ ದಿನ ತಡಕಾಡುತ್ತಿದ್ದೆ. ಈಗ ಇವರು ಸುಮ್ಮನಿರುವಾಗ ನಾನೂ ಅದರೊಳಗೆ ಹೋಗಿ ಕುಳಿತುಕೊಳ್ಳಬಲ್ಲೆ.

ಸುಮಾರು ಮೂರೂವರೆ ತಾಸು ಕಳೆದ ಮೇಲೆ ಕಣಿವೆಯ ಒಳಗಿನಿಂದ ಒಂದು ಗಾಳಿ ಎದ್ದಿತು. ಬಿಳುಪು ಅಲುಗಿತು. ಮೊದಲು ಕಂಡದ್ದು ಮೇಲಿನ ಅಂಚು, ಅಲ್ಲಿ ಹೊಳೆ ಬಾಗುವ ಜಾಗ. ಕೆಂಪಾದ ನೀರು, ಕಾವಿಯ ಬಣ್ಣ. ಬೀಳತೊಡಗಿದ ಕ್ಷಣದಿಂದ ಬಿಳಿ. ಆಮೇಲೆ ಇಡೀ ಪರದೆ ಸರಿಯಿತು. ಎಲ್ಲಿಯೂ ಅವಸರವಿಲ್ಲದೆ ನೇರ ಇಳಿಯುವ ರಾಜ. ಪಕ್ಕದಿಂದ ಅಬ್ಬರಿಸುತ್ತ ಬಂದು ಅವನ ಕಡೆಗೇ ಒಲೆಯುವ ರೋರರ್. ಬಂಡೆಗೆ ಬಡಿದು ಚಿಮ್ಮಿ ಚಿಮ್ಮಿ ಬೀಳುವ ರಾಕೆಟ್. ಕಲ್ಲಿನ ಮೈಯನ್ನು ಸವರಿಕೊಂಡು ನೊರೆಯಾಗಿ ಜಾರುವ ರಾಣಿ. ಚಿತ್ರಗಳಲ್ಲಿ ನೋಡಿದಂತೆ ನಾಲ್ಕು ಬೇರೆ ಬೇರೆ ಧಾರೆಗಳಾಗಿ ಇರಲಿಲ್ಲ. ಒಂದರ ಸೆರಗು ಇನ್ನೊಂದರ ಮೇಲೆ ಹಾರುತ್ತಿತ್ತು. ತಳ ಕಾಣಲಿಲ್ಲ. ನಾವು ಹಿಂದೊಮ್ಮೆ ಬೊಗಸೆಯಲ್ಲಿ ನೀರು ಹಿಡಿದಿದ್ದ ಜಾಗದಿಂದ ಹೊಗೆಯಂತೆ ಹುಡಿ ಮೇಲೇಳುತ್ತಿತ್ತು.

ನಾನು ಅತ್ತುಬಿಟ್ಟೆ. ಅಳು ಏಕೆ ಬಂತೆಂದು ವಿವರಿಸುವುದು ಕಷ್ಟ. ಇಪ್ಪತ್ತೈದು ವರ್ಷದ ಹಿಂದೆ ಖಾಲಿ ಎಲೆಯ ಮುಂದೆ ಕೂರಿಸಿದ್ದ ಅತಿಥಿಗೆ ಇವತ್ತು ಹೊಟ್ಟೆ ತುಂಬ ಬಡಿಸಿದ ಹಾಗಾಯಿತು. ಇವರನ್ನು ನೋಡಿದೆ. ಕನ್ನಡಕದ ಮೇಲೆಲ್ಲ ನೀರು. ಒರೆಸಿಕೊಳ್ಳದೆ ಹಾಗೆಯೇ ನಿಂತಿದ್ದರು. “ಗೋಡೆ ಕಾಣುತ್ತಿಲ್ಲ ನೋಡಿ” ಎಂದೆ. ಇವರು ನಕ್ಕು, “ನನಗೆ ಕಾಣುತ್ತಿದೆ” ಎಂದರು. ಏಳೆಂಟು ನಿಮಿಷ ಇರಬಹುದು. ಮತ್ತೆ ಹಾಲು ಉಕ್ಕಿತು.

ಮಧ್ಯಾಹ್ನದ ಮೇಲೆ ಹೊಳೆ ದಾಟಿ ಆಚೆಯ ದಡಕ್ಕೂ ಹೋದೆವು. ಈಚೆ ಶಿವಮೊಗ್ಗ ಜಿಲ್ಲೆ, ಆಚೆ ಉತ್ತರ ಕನ್ನಡ. ರಾಜ್ಯಗಳು ಒಂದಾಗುವ ಮೊದಲು, 1956ರವರೆಗೆ, ಈ ಹೊಳೆಯೇ ಮೈಸೂರಿಗೂ ಮುಂಬಯಿಗೂ ಗಡಿ. ಆಚೆ ದಡದ ಪ್ರವಾಸಿ ಮಂದಿರವನ್ನು ಜನ ಇಂದಿಗೂ ಬಾಂಬೆ ಬಂಗಲೆ ಎನ್ನುತ್ತಾರೆ. ಅಲ್ಲಿ ನಿಂತರೆ ನೀರು ಅಂಚಿಗೆ ಬಂದು ಕೆಳಗೆ ಹೋಗುವುದನ್ನು ಮೇಲಿನಿಂದ ನೋಡುತ್ತೇವೆ. ಅಲ್ಲಿ ನನಗೆ ತಲೆ ತಿರುಗಿದಂತಾಗಿ ಇವರ ತೋಳು ಹಿಡಿದುಕೊಂಡೆ. ರಾತ್ರಿ ತಂಗಿದ ಮನೆಯಲ್ಲಿ ಬಿಸಿ ಅನ್ನ, ಕಳಲೆ ಪಲ್ಯ, ಅಪ್ಪೆಮಿಡಿ, ಒಂದೆಲಗದ ತಂಬುಳಿ. ಬೆಂಗಳೂರಿನಲ್ಲಿ ನಾನು ಎಷ್ಟು ಪ್ರಯತ್ನಿಸಿದರೂ ತಂಬುಳಿಗೆ ಆ ರುಚಿ ಬರುವುದಿಲ್ಲ. ದೀಪ ಆರಿಸಿದ ಮೇಲೆಯೂ ಜೋಗದ ಸದ್ದು ಕೋಣೆಯಲ್ಲಿ ಇತ್ತು.

ಮರುದಿನ ಅಮ್ಮನ ಮನೆ. ಒಲೆಯ ಮುಂದೆ ಒಣಗಿಸಿಟ್ಟಿದ್ದ ಟವಲ್ ಕೊಟ್ಟು, ತೊಡೆದೇವು ಮುಂದಿಟ್ಟು, ಮೊದಲು ಕೇಳಿದ್ದು ಅಳಿಯನ ಆರೋಗ್ಯವನ್ನು. ಆಮೇಲೆ ಕೇಳಿದ್ದು ಹೊಳೆಯಲ್ಲಿ ಎಷ್ಟು ನೀರಿತ್ತು ಎಂದು. ತಮ್ಮ ಬೇರೆ ಮಾತು ತೆಗೆದ. ತಳಕಳಲೆಗೂ ಕೆಳಗಿನ ಗೇರುಸೊಪ್ಪೆ ಜಲಾಶಯಕ್ಕೂ ನಡುವೆ ನೀರನ್ನು ಕೆಳಗಿನಿಂದ ಮೇಲಕ್ಕೆತ್ತಿ, ಬೇಕಾದ ಹೊತ್ತಿನಲ್ಲಿ ಮತ್ತೆ ಕೆಳಗೆ ಬಿಟ್ಟು 2000 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆಯ ಬಗ್ಗೆ ಊರಿನಲ್ಲೆಲ್ಲ ಮಾತು. ಸಿಂಗಳೀಕಗಳಿರುವ ಆ ಕಣಿವೆಯ ಕಾಡನ್ನು ಮತ್ತೆ ಅಗೆಯುತ್ತಾರಲ್ಲ ಎಂಬ ಸಂಕಟ ಅವನದು. ನನ್ನದೂ ಅದೇ ಸಂಕಟ. ಬೆಂಗಳೂರಿನ ನನ್ನ ಮನೆಯಲ್ಲಿ ಉರಿಯುವ ಪ್ರತಿಯೊಂದು ದೀಪದ ನೆನಪಿನೊಂದಿಗೇ ಇದನ್ನು ಬರೆಯುತ್ತಿದ್ದೇನೆ. ಇನ್ನೆಷ್ಟು ಸಲ ಒಂದೇ ಹೊಳೆಯನ್ನು ಕೇಳುವುದು?

ಅಮ್ಮ ಆ ಮಾತಿಗೆ ಸೇರಲಿಲ್ಲ. “ಸೇತುವೆ ನೋಡಬೇಕು, ಕರೆದುಕೊಂಡು ಹೋಗಿ” ಎಂದರು.

ಸಿಗಂದೂರಿನ ದಾರಿಯ ಆ ಹೊಸ ಸೇತುವೆ ಉದ್ಘಾಟನೆಯಾದದ್ದು ಜುಲೈ 14ರಂದು. ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ಅಣೆಕಟ್ಟು ಕಟ್ಟಿದ ಆರು ದಶಕಗಳ ಮೇಲೆ ಬಂದ ದಾರಿ. ಅಲ್ಲಿಯವರೆಗೂ ಆಚೆಯ ತುಮರಿ ಸೀಮೆಗೆ ಲಾಂಚ್ ಒಂದೇ ಹತ್ತಿರದ ದಾರಿ. ಜನ, ಬಸ್ಸು, ದನ, ದಿಬ್ಬಣ ಎಲ್ಲವೂ ಅದರಲ್ಲೇ ದಾಟಬೇಕು. ಸಂಜೆ ಲಾಂಚ್ ನಿಂತಿತೆಂದರೆ ಆಚೆಯವರು ಆಚೆ, ಈಚೆಯವರು ಈಚೆ. ಆಚೆ ದಡದಲ್ಲಿದ್ದ ನಮ್ಮ ದೊಡ್ಡಮ್ಮ ತೀರಿಕೊಂಡ ರಾತ್ರಿ ಅಮ್ಮ ಲಾಂಚ್ ಹೊರಡುವ ಹೊಳೆಬಾಗಿಲಿನಲ್ಲಿ ಬೆಳಗಾಗುವವರೆಗೆ ಕುಳಿತಿದ್ದರು.

ತಮ್ಮ ನಮ್ಮನ್ನು ಸೇತುವೆಯ ಮೊದಲಲ್ಲೇ ಇಳಿಸಿ ಗಾಡಿ ನಿಲ್ಲಿಸಲು ಹೋದ. ಮೂವರೂ ಅಂಚಿನ ಕಾಲುದಾರಿಯಲ್ಲಿ ನಡೆದೆವು. ಮಳೆ ಹನಿಯುತ್ತಿತ್ತು. ಎರಡೂ ಕಡೆ ಕಣ್ಣು ಹಾಯುವವರೆಗೆ ನೀರು, ನಡುನಡುವೆ ದ್ವೀಪಗಳಾಗಿರುವ ಗುಡ್ಡದ ನೆತ್ತಿಗಳು. ಅಮ್ಮ ಆ ನೆತ್ತಿಗಳನ್ನು ಒಂದೊಂದಾಗಿ ನೋಡುತ್ತ, ಬೆರಳು ಮಡಿಸುತ್ತ ನಡೆದರು. ಒಂದು ಕಡೆ ನಿಂತರು. ಕೈ ನೀಡಿ ದೂರದ ನೀರನ್ನು ತೋರಿಸಿದರು. “ಅಲ್ಲಿ.”

ನಾನು ನೋಡಿದೆ. ಎಲ್ಲ ಕಡೆಯಂತೆ ಅಲ್ಲಿಯೂ ನೀರು.

“ಬಾಗಿಲು ಯಾವ ದಿಕ್ಕಿಗಿತ್ತು ಅಮ್ಮ?” ಇವರು ಕೇಳಿದರು. ಮಗಳಾಗಿ ನಾನು ಅಷ್ಟು ವರ್ಷ ಆ ಮನೆಯ ಮಾತು ಕೇಳಿದ್ದೆ. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

“ಪೂರ್ವಕ್ಕೆ. ಬೆಳಗಿನ ಬಿಸಿಲು ನಡುಮನೆಯವರೆಗೆ ಬರುತ್ತಿತ್ತು.” ಅಮ್ಮ ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿದರು. “ಹೊರಡುವ ದಿನ ನಮ್ಮ ಅಮ್ಮ ಅಂಗಳ ಗುಡಿಸಿ, ಸೆಗಣಿ ಸಾರಿಸಿ, ರಂಗೋಲಿ ಹಾಕಿದಳು. ಮುಳುಗುವ ಅಂಗಳಕ್ಕೆ ಯಾಕೆ ಎಂದು ಅಪ್ಪ ರೇಗಿದರು. ಹೊಳೆ ಮನೆಗೆ ಬರುತ್ತಿದ್ದಾಳೆ, ಹಾಗೆಯೇ ಬಿಡಲಾಗುತ್ತದೆಯೇ ಎಂದಳು.”

ಇದನ್ನು ಅಮ್ಮ ಹಿಂದೆಂದೂ ಹೇಳಿರಲಿಲ್ಲ. ನಾನು ಕಟಕಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಮ್ಮ ಹಿಂದೆ ಸಿಗಂದೂರಿಗೆ ಹೋಗುವ ಬಸ್ಸೊಂದು ದಾಟಿತು.

ಇವರು ಜೇಬಿನಿಂದ ಮೊಬೈಲ್ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಹಿಂದಿನ ದಿನ ಹಿಡಿದ ಜೋಗದ ವಿಡಿಯೊವನ್ನು ಅಮ್ಮನ ಮುಂದೆ ಹಿಡಿದರು. ಕೇಳದೆ ಹಿಡಿದರು. ಅಮ್ಮ ಮುಖ ತಿರುಗಿಸುತ್ತಾರೆಂದು ನನಗೆ ಭಯವಾಯಿತು. ತಿರುಗಿಸಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಮಂಜು ಸರಿಯುವುದರಿಂದ ಹಿಡಿದು ಮತ್ತೆ ಮುಚ್ಚುವವರೆಗೆ ನೋಡಿದರು.

“ಇದು ಎಷ್ಟು ಅಡಿ?”

“ಎಂಟುನೂರ ಮೂವತ್ತು, ಅಮ್ಮ.”

ಅಮ್ಮ ಮೊಬೈಲನ್ನು ಇವರ ಕೈಗೆ ಕೊಟ್ಟು ಮತ್ತೆ ಆ ನೀರಿನ ಕಡೆಗೆ ತಿರುಗಿದರು. ಅಂದು ಬೆಳಗಿನ ಪತ್ರಿಕೆಯಲ್ಲಿದ್ದ ಸಂಖ್ಯೆ 1812.

“ನಮ್ಮದು ಇವತ್ತಿಗೆ ಮೂವತ್ತು ಅಡಿ” ಎಂದರು.

ಗಾಳಿ ಆಚೆಯ ದಿಕ್ಕಿನಿಂದ ಬೀಸತೊಡಗಿತ್ತು. ಇವರು ಕೊಡೆಯನ್ನು ಅಮ್ಮನ ಕಡೆಗೆ ವಾಲಿಸಿ ಹಿಡಿದರು.